ಗಾಡಿ ಮಾತು: ಸುಜುಕಿ, ಜಿಪ್ಸಿ ಮತ್ತು ನಮ್ಮ ತೋಟದ ದಾರಿಗಳು

ಕಳೆದ ಸಂಚಿಕೆಯಲ್ಲಿ ಮಾರುತಿ ಸುಜುಕಿಯ ಹಳೇ ಜೀಪು, ಜಿಪ್ಸಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾಪೋಕ್ಲು, ಗೋಣಿಕೊಪ್ಪ, ಸಿದ್ದಾಪುರ, ಶನಿವಾರಸಂತೆ, ಎಲ್ಲ ಕಡೆಯಿಂದಲೂ ಬಂದಿವೆ. ಕೆಲವರು ಪ್ರಶ್ನೆಯ ಜೊತೆಗೆ ಮನೆಯ ಕಥೆಯನ್ನೇ ಬರೆದಿದ್ದಾರೆ. ಹಾಗಾಗಿ ಈ ಸಲ ಬೇರೆ ಗಾಡಿಯ ಮಾತಿಲ್ಲ. ಸುಜುಕಿ ಮಾತ್ರ.

ಪ್ರಶ್ನೆ: ಸುಜುಕಿ ಕಂಪನಿ ಮೊದಲು ಬಟ್ಟೆ ನೇಯುವ ಮಗ್ಗ ಮಾಡುತ್ತಿತ್ತು ಅಂತ ಮಗಳು ಹೇಳಿದಳು. ನಾನು ನಂಬಲಿಲ್ಲ. ನಿಜವಾ ಸರ್?
(ಶಾಲಾ ಶಿಕ್ಷಕರು, ಕುಶಾಲನಗರ)

ಉತ್ತರ: ಮಗಳು ಹೇಳಿದ್ದು ನಿಜ ಮೇಷ್ಟ್ರೇ. ಜಪಾನಿನ ಹಮಮಾತ್ಸು ಅನ್ನುವ ಊರಲ್ಲಿ ಮಿಚಿಯೊ ಸುಜುಕಿ 1909ರಲ್ಲಿ ಮಗ್ಗದ ಕಾರ್ಖಾನೆ ಶುರು ಮಾಡಿದರು. ಬಡಗಿ ಕೆಲಸ ಕಲಿತವರು. ಅವರು ಮಾಡಿದ ಮೊದಲ ಮಗ್ಗ ತಾಯಿಗಾಗಿ ಮಾಡಿಕೊಟ್ಟದ್ದು. 1920ರಲ್ಲಿ ಅದು ದೊಡ್ಡ ಕಂಪನಿಯಾಯಿತು. ಕಾರು ಮಾಡುವ ಆಸೆ 1937ರಲ್ಲೇ ಹುಟ್ಟಿತ್ತು, ಮಾದರಿಗಳೂ ತಯಾರಾಗಿದ್ದವು. ಯುದ್ಧ ಬಂತು, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಹತ್ತಿ ಬಟ್ಟೆಯ ವ್ಯಾಪಾರವೇ ಕುಸಿದುಹೋಯಿತು. ಮಗ್ಗ ಕೊಳ್ಳುವವರು ಯಾರು? ಆಗ 1952ರಲ್ಲಿ ಸೈಕಲ್ಲಿಗೆ ಕಟ್ಟುವ 36 ಸಿಸಿ ಎಂಜಿನ್ ತಂದರು. 36 ಸಿಸಿ ಅಂದ್ರೆ ಈಗಿನ ಸ್ಕೂಟರ್ ಎಂಜಿನ್ನಿನ ಮೂರರಲ್ಲಿ ಒಂದು ಪಾಲು. 1954ರಲ್ಲಿ ಹೆಸರು ಸುಜುಕಿ ಮೋಟರ್ ಅಂತ ಬದಲಾಯಿತು, 1955ರಲ್ಲಿ ಸುಜುಲೈಟ್ ಅನ್ನುವ ಪುಟ್ಟ ಕಾರು ಬಂತು. 360 ಸಿಸಿ ಒಳಗಿನ ಟೂ ಸ್ಟ್ರೋಕ್ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ. ಆ ಕಾಲಕ್ಕೆ ಮುಂದಿನ ಚಕ್ರ ಎಳೆಯುವ ಕಾರು ಜಪಾನಿನಲ್ಲಿ ಹೊಸತು.

ಇನ್ನೊಂದು ವಿಷಯವನ್ನೂ ಮಗಳಿಗೆ ಹೇಳಿ. ಟೊಯೊಟಾ ಕಂಪನಿಯ ಬೇರೂ ಮಗ್ಗದಲ್ಲೇ ಇದೆ. ಹೋಂಡಾ ಕಂಪನಿ 1948ರಲ್ಲಿ ಶುರುವಾದದ್ದು ಇದೇ ಹಮಮಾತ್ಸುವಿನಲ್ಲಿ.

ಪ್ರಶ್ನೆ: ನಮ್ಮ ತಂದೆ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಮೇಲೆ 1988ರ ಮಾಡೆಲ್ ಜಿಪ್ಸಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡು ಐದು ವರ್ಷ ಆಯಿತು. ಗಾಡಿ ಶೆಡ್ಡಿನಲ್ಲೇ ಇದೆ. ಗುಜರಿಯವನು ಎರಡು ಸಲ ಕೇಳಿ ಹೋದ. ತಮ್ಮ ಮಾರು ಅಂತಾನೆ, ನನಗೆ ಮನಸ್ಸಿಲ್ಲ. ಏನು ಮಾಡಲಿ?
(ಕಾಫಿ ಬೆಳೆಗಾರರು, ನಾಪೋಕ್ಲು)

ಉತ್ತರ: ಮಾರಬೇಡಿ. ನಿಮ್ಮ ಪತ್ರ ಓದಿದ ದಿನವೇ ಇದನ್ನು ಹೇಳಬೇಕು ಅನ್ನಿಸಿತ್ತು. ತಂದೆಯವರ ನೆನಪು ಒಂದು ಕಾರಣ, ಅದು ನಿಮ್ಮ ಮನೆಯ ಮಾತು. ನಾನು ಗಾಡಿಯ ಕಾರಣ ಹೇಳುತ್ತೇನೆ.

1967ರಲ್ಲಿ ಜಪಾನಿನ ಹೋಪ್ ಅನ್ನುವ ಸಣ್ಣ ಕಂಪನಿ ಒಂದು ಪುಟ್ಟ ಫೋರ್ ವೀಲ್ ಗಾಡಿ, ಅಂದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಮಾಡಿತ್ತು. ಎಂಜಿನ್ ಮಿತ್ಸುಬಿಷಿಯದು. ಮಾರಾಟ ಆಗಲಿಲ್ಲ. ಸುಜುಕಿ ಅದರ ಹಕ್ಕನ್ನು ಕೊಂಡಿತು. ಕೊಳ್ಳಲೇಬೇಕು ಅಂತ ಪಟ್ಟು ಹಿಡಿದವರು ಒಸಾಮು ಸುಜುಕಿ. ಅವರು ಸುಜುಕಿ ಮನೆತನದಲ್ಲಿ ಹುಟ್ಟಿದವರಲ್ಲ, ಮಿಚಿಯೊ ಅವರ ಮೊಮ್ಮಗಳನ್ನು ಮದುವೆಯಾಗಿ ಆ ಮನೆಯ ಹೆಸರನ್ನೇ ಇಟ್ಟುಕೊಂಡ ಮನೆಅಳಿಯ. 1970ರಲ್ಲಿ ಆ ಗಾಡಿ ಎಲ್‌ಜೆ10 ಅಂತ ಹೊರಬಂತು, ಅದೇ ಮೊದಲ ಜಿಮ್ನಿ. 359 ಸಿಸಿ, ಎರಡು ಸಿಲಿಂಡರ್, ತೂಕ ಸುಮಾರು 600 ಕೆ.ಜಿ. ಜಪಾನಿನ ಸಣ್ಣ ಕಾರುಗಳ ಆಗಿನ ನಿಯಮದಲ್ಲಿ ಉದ್ದ 3 ಮೀಟರ್ ದಾಟಬಾರದಿತ್ತು. ಅದಕ್ಕೇ ಸ್ಟೆಪ್ನಿಯನ್ನು ಹಿಂದೆ ನೇತುಹಾಕದೆ ಒಳಗೇ ಸೀಟಿನ ಜಾಗದಲ್ಲಿ ಇಟ್ಟರು, ಮೂರು ಜನ ಮಾತ್ರ ಕೂರಬಹುದಿತ್ತು. ದೊಡ್ಡ ಜೀಪುಗಳ ಎದುರು ಇದನ್ನು ಆಟಿಕೆ ಅಂದವರು ಎಷ್ಟು ಜನವೋ. ಆದರೆ ಕೆಸರಿನಲ್ಲಿ ದೊಡ್ಡದು ಹೂತುಕೊಂಡಾಗ ಈ ಆಟಿಕೆ ಮೇಲೆ ಮೇಲೆ ತೇಲಿದ ಹಾಗೆ ದಾಟುತ್ತಿತ್ತು.

ಆ ವಂಶದ ಎರಡನೇ ಪೀಳಿಗೆ 1981ರಲ್ಲಿ ಬಂತು. ಅದರಲ್ಲಿ 1 ಲೀಟರ್ ಎಂಜಿನ್ನಿನ ಎಸ್‌ಜೆ410 ಒಂದು. ಅದನ್ನೇ ಸ್ವಲ್ಪ ಉದ್ದ ಮಾಡಿ 1985ರ ಡಿಸೆಂಬರ್‌ನಲ್ಲಿ ನಮ್ಮಲ್ಲಿ ಜಿಪ್ಸಿ ಅಂತ ತಂದರು. ನಿಮ್ಮ ತಂದೆಯವರದು ಅದೇ. 970 ಸಿಸಿ, ಸುಮಾರು 45 ಎಚ್‌ಪಿ, ನಾಲ್ಕು ಗೇರು. 1993ರಲ್ಲಿ ಚಕ್ರಗಳ ನಡುವಿನ ಅಗಲವನ್ನು ಸುಮಾರು 9 ಸೆಂ.ಮೀ. ಹೆಚ್ಚಿಸಿದರು, ಗಾಡಿ ಓಲಾಡುವುದು ಕಡಿಮೆಯಾಯಿತು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್, ಐದು ಗೇರು. 2000ದಲ್ಲಿ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದು 80 ಎಚ್‌ಪಿ ಆಯಿತು. 2019ರ ಹೊಸ ಸುರಕ್ಷತಾ ನಿಯಮಗಳ ಹೊತ್ತಿಗೆ ಸಾರ್ವಜನಿಕರಿಗೆ ಮಾರುವುದು ನಿಂತಿತು. ಅಷ್ಟು ವರ್ಷವೂ ಮೂಲ ಗಾಡಿ ಅದೇ. ಹಾಗಾಗಿಯೇ ಇವತ್ತಿಗೂ ಸ್ಪೇರ್ ಸಿಗುತ್ತೆ, ಕೈ ಪಳಗಿದ ಮೆಕ್ಯಾನಿಕ್‌ಗಳೂ ಸಿಗುತ್ತಾರೆ.

ಆಮೇಲೆ ತೂಕ. ಜಿಪ್ಸಿ ಕಿಂಗ್ ಕೂಡ ಬರಿ ಗಾಡಿ ಸುಮಾರು 1,000 ಕೆ.ಜಿ. ಅಷ್ಟೇ. ಈಗಿನ ದೊಡ್ಡ ಡೀಸೆಲ್ ಜೀಪುಗಳು 1,600 ಕೆ.ಜಿ. ಮೇಲೆ. ಜುಲೈ ತಿಂಗಳಲ್ಲಿ ನಿಮ್ಮ ತೋಟದ ಇಳಿಜಾರಿನಲ್ಲಿ, ಕೆಂಪು ಮಣ್ಣು ಬೆಣ್ಣೆಯಾಗಿರುವಾಗ, ಆ 600 ಕೆ.ಜಿ. ವ್ಯತ್ಯಾಸ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ? ಹೂತುಕೊಂಡರೂ ನಾಲ್ಕು ಜನ ಒಂದು ತುದಿ ಎತ್ತಿ ಪಕ್ಕಕ್ಕೆ ಸರಿಸಬಹುದು. ನನ್ನ ತೋಟದಲ್ಲಿ ಹಾಗೆ ಎಷ್ಟೋ ಸಲ ಎತ್ತಿದ್ದೇವೆ. 2007ರಲ್ಲಿ ಚಿಲಿ ದೇಶದ ಇಬ್ಬರು ಇದೇ ಎಸ್‌ಜೆ ವಂಶದ ಗಾಡಿಯನ್ನು ಮಾರ್ಪಡಿಸಿ ಓಹೋಸ್ ದೆಲ್ ಸಲಾದೊ ಜ್ವಾಲಾಮುಖಿಯ ಮೇಲೆ 6,688 ಮೀಟರ್ ಎತ್ತರಕ್ಕೆ ಹತ್ತಿಸಿ ವಿಶ್ವದಾಖಲೆ ಮಾಡಿದರು. ಅಲ್ಲೂ ಕೆಲಸಕ್ಕೆ ಬಂದದ್ದು ಹಗುರ ಮೈ.

ಈಗ ಕೆಲಸಕ್ಕೆ ಬನ್ನಿ. ಐದು ವರ್ಷ ನಿಂತ ಗಾಡಿಗೆ ಬ್ಯಾಟರಿ ಕೊಟ್ಟು ಸುಮ್ನೆ ಸೆಲ್ಫ್ ಹೊಡೆಯಬೇಡಿ. ಮೊದಲು ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಬಿಚ್ಚಿ ತೊಳೆಸಿ. ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಬಿಡಿ, ಮಾರನೇ ದಿನ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿ. ತಿರುಗಿದರೆ ಅರ್ಧ ಗೆದ್ದಿರಿ. ಬ್ರೇಕಿನ ರಬ್ಬರುಗಳೆಲ್ಲ ಹೊಸದು ಹಾಕಲೇಬೇಕು. ಇಲಿ ವೈರಿಂಗ್ ಕಡಿದಿರುತ್ತೆ, ಅದನ್ನೂ ನೋಡಿಸಿ. ಆರ್‌ಸಿಯನ್ನು 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ವರ್ಗಾವಣೆಯನ್ನೂ ಅದರ ಜೊತೆಗೇ ಮಾಡಿಸಿಕೊಳ್ಳಿ. ತಮ್ಮನ ಹತ್ತಿರ ಒಪ್ಪಿಗೆ ಬರೆಸಿಕೊಳ್ಳುವುದು ಒಳ್ಳೆಯದು. ಮುಂದಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಗಾಡಿ ಅಂಗಳದಲ್ಲಿ ನಿಂತಿರಲಿ. ಒಂದು ಫೋಟೋ ಕಳಿಸಿ, ಖಂಡಿತ ಹಾಕುತ್ತೇವೆ.

ಪ್ರಶ್ನೆ: ಜಿಪ್ಸಿಯನ್ನು ಎಲ್ಲರೂ ಹೊಗಳುತ್ತೀರಿ. ನಾನು ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ಕೂತವರ ಸೊಂಟದ ಕಥೆ ಯಾರೂ ಬರೆಯಲ್ಲ. ನಮ್ಮ ಅತ್ತೆಯವರು ಬಸ್ಸಲ್ಲೇ ಬರುತ್ತೇನೆ ಅಂತಾರೆ. ಪೆಟ್ರೋಲ್ ಕೂಡ ಲೀಟರಿಗೆ 10 ಕಿ.ಮೀ. ದಾಟಲ್ಲ.
(ಓದುಗರು, ಭಾಗಮಂಡಲ)

ಉತ್ತರ: ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಬೇರೆ ಪತ್ರಗಳಲ್ಲೂ ಇದೇ ಎರಡು ದೂರು, ಕುಲುಕಾಟ ಮತ್ತು ಪೆಟ್ರೋಲ್. ನಾಲ್ಕೂ ಚಕ್ರಕ್ಕೆ ಪ್ಲೇಟ್ ಸ್ಪ್ರಿಂಗ್, ಹಿಂದೆ ಅಡ್ಡಡ್ಡ ಕೂರುವ ಬೆಂಚು. ಸಾಮಾನು ಹೊರಲಿ ಅಂತ ಮಾಡಿದ ಗಾಡಿ ಅದು. ಜಪಾನಿನಲ್ಲಿ 1998ರ ಹೊತ್ತಿಗೆ ಜಿಮ್ನಿ ಪೂರ್ತಿಯಾಗಿ ಕಾಯಿಲ್ ಸ್ಪ್ರಿಂಗಿಗೆ ಬದಲಾಯಿತು, ನಮಗೆ ಮಾತ್ರ ಕೊನೆಯವರೆಗೂ ಪ್ಲೇಟೇ ಬಂತು. ಇದು ನನಗೆ ಇವತ್ತಿಗೂ ಬೇಸರದ ವಿಷಯ. ಇಷ್ಟು ಮಾಡಿ ನೋಡಿ. ಸ್ಪ್ರಿಂಗ್ ತುದಿಯ ಶ್ಯಾಕಲ್ ಬುಷ್‌ಗಳು ಸವೆದಿದ್ದರೆ ಹೊಸದು ಹಾಕಿಸಿ, ಪ್ಲೇಟುಗಳ ನಡುವಿನ ತುಕ್ಕು ತೆಗೆಸಿ, ಶಾಕ್ ಅಬ್ಸಾರ್ಬರ್ ಬದಲಾಯಿಸಿ. ಹಿಂದೆ 50 ಕೆ.ಜಿ.ಯ ಎರಡು ಗೊಬ್ಬರದ ಚೀಲ ಇದ್ದಾಗ ಗಾಡಿ ಎಷ್ಟು ಮೆತ್ತಗೆ ಹೋಗುತ್ತೆ ಅಂತ ನೀವೂ ನೋಡಿರುತ್ತೀರಿ. ಅತ್ತೆಯವರನ್ನು ಮಾತ್ರ ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರಿಸಿ. ಹಿರಿಯರ ಸೊಂಟಕ್ಕೆ ಹಿಂದಿನ ಬೆಂಚು ಆಗೋದಿಲ್ಲ.

ಪ್ರಶ್ನೆ: ಅಣ್ಣಾ, ಸೆಕೆಂಡ್ ಹ್ಯಾಂಡ್ ಜಿಪ್ಸಿ ತಗೋಬೇಕು ಅಂತಿದ್ದೇನೆ. ಮಿಲಿಟರಿ ಹರಾಜಿನ ಗಾಡಿ ಒಂದು, ಡೀಸೆಲ್ ಎಂಜಿನ್ ಕೂರಿಸಿದ್ದು ಒಂದು, ಎರಡು ನೋಡಿದ್ದೇನೆ. ಯಾವುದು ತಗೊಳ್ಳಲಿ?
(25 ವರ್ಷದ ಓದುಗ, ಸಿದ್ದಾಪುರ)

ಉತ್ತರ: ತಮ್ಮಾ, ಡೀಸೆಲ್ ಕೂರಿಸಿದ್ದನ್ನು ಬಿಟ್ಟುಬಿಡು. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಒಳಗೆ ಡೀಸೆಲ್ ಇದ್ದರೆ ಅದು ಕಾನೂನಿಗೆ ವಿರುದ್ಧ. ನಾಳೆ ಅಪಘಾತ ಆದರೆ ಇನ್ಶೂರೆನ್ಸ್ ಸಿಗೋದು ಕಷ್ಟ. ಅದೂ ಅಲ್ಲದೆ ಮುಂದೆ ಭಾರದ ಎಂಜಿನ್ ಕೂತರೆ ಜಿಪ್ಸಿಯ ಹಗುರತನವೇ ಹೋಯಿತು, ಮತ್ತೆ ಯಾಕೆ ಜಿಪ್ಸಿ?

ಮಿಲಿಟರಿ ಗಾಡಿ ಒಳ್ಳೆಯದೇ, ಆದರೆ ಹರಾಜಿನ ಕಾಗದ ಮತ್ತು ಅದರ ಮೇಲೆ ಆದ ಆರ್‌ಟಿಒ ನೋಂದಣಿ ಎರಡೂ ಕೈಗೆ ಬರುವ ತನಕ ದುಡ್ಡು ಕೊಡಬೇಡ. ಎಂಜಿನ್ ನಂಬರ್, ಚಾಸಿ ನಂಬರ್ ನೀನೇ ಬಗ್ಗಿ ಓದಿ ಆರ್‌ಸಿ ಜೊತೆ ಹೋಲಿಸು.

ಎಲ್ಲಕ್ಕಿಂತ ಮುಖ್ಯ ಚಾಸಿ, ಅಂದ್ರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ನಾನು ಒಮ್ಮೆ ಇದರಲ್ಲಿ ಮೋಸ ಹೋದೆ. ಬೇರೆ ಜಿಲ್ಲೆಯ ಒಬ್ಬ ವ್ಯಾಪಾರಿಯ ಹತ್ತಿರ ತಗೊಂಡ ಗಾಡಿ, ಕೆಳಗೆಲ್ಲ ದಪ್ಪನೆ ಕಪ್ಪು ಬಣ್ಣ ಬಳಿದು ಫಳಫಳ ಅಂತಿತ್ತು. ನಾನು ಖುಷಿಯಾಗಿ ತಂದೆ. ಎರಡನೇ ಮಳೆಗಾಲಕ್ಕೆ ಬಣ್ಣ ಕಿತ್ತು ಬಂತು, ಹಿಂದಿನ ಸ್ಪ್ರಿಂಗ್ ಹಿಡಿಯುವ ಜಾಗದಲ್ಲಿ ಬೆರಳು ಹೋಗುವಷ್ಟು ತೂತು. ತುಕ್ಕಿನ ಮೇಲೆ ಪುಟ್ಟಿ ಹಾಕಿ ಮುಚ್ಚಿದ್ದರು. ವೆಲ್ಡಿಂಗಿಗೆ ಆದ ಖರ್ಚಿನ ನೋವಿಗಿಂತ, ಮಕ್ಕಳನ್ನು ಕೂರಿಸಿಕೊಂಡು ಅದೇ ಗಾಡಿಯಲ್ಲಿ ಸಂಪಾಜೆ ಘಾಟಿ ಇಳಿದಿದ್ದೆ ಅನ್ನುವ ಭಯವೇ ಜಾಸ್ತಿ ದಿನ ಕಾಡಿತು. ಅದಕ್ಕೇ ಹೇಳುತ್ತೇನೆ, ಸಣ್ಣ ಸುತ್ತಿಗೆ ತಗೊಂಡು ಹೋಗು. ಚಾಸಿ ಉದ್ದಕ್ಕೂ ತಟ್ಟುತ್ತಾ ಬಾ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತುಕ್ಕು ಹಿಡಿದದ್ದು ಮಂಕಾಗಿ ಸದ್ದು ಮಾಡುತ್ತೆ. ತಟ್ಟೋಕೆ ಬಿಡದವನ ಹತ್ತಿರ ವ್ಯಾಪಾರವೇ ಬೇಡ.

ಪ್ರಶ್ನೆ: ಯಜಮಾನರು ಬೆಂಗಳೂರಿನಲ್ಲಿದ್ದಾರೆ, ತೋಟ ನಾನೇ ನೋಡಿಕೊಳ್ಳುವುದು. ದಿನಾ ಕೆಲಸದವರ ಲೈನ್‌ಮನೆ, ಕಣ, ಗೋಣಿಕೊಪ್ಪ ಪೇಟೆ, ಮಕ್ಕಳ ಶಾಲೆ, ಇಷ್ಟು ಓಡಾಟ. ತಿಂಗಳಿಗೊಮ್ಮೆ ಮೈಸೂರು. ಹೊಸ ಜಿಮ್ನಿ ತಗೊಳ್ಳೋದಾ ಅಥವಾ ಒಳ್ಳೆ ಜಿಪ್ಸಿ ಹುಡುಕೋದಾ?
(ಬೆಳೆಗಾರ್ತಿ, ಗೋಣಿಕೊಪ್ಪ)

ಉತ್ತರ: ನಿಮಗೆ ಜಿಮ್ನಿ ಅಕ್ಕ. ನಾನು ಜಿಪ್ಸಿಯ ಮನುಷ್ಯ, ಆದರೂ ಮಕ್ಕಳನ್ನು ದಿನಾ ಶಾಲೆಗೆ ಬಿಡುವ ಗಾಡಿ ಅಂದಾಗ ನನಗೆ ಬೇರೆ ಯೋಚನೆ ಬರಲ್ಲ. ಅದರಲ್ಲಿ ಆರು ಏರ್‌ಬ್ಯಾಗ್ ಇವೆ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇದೆ. ಜಿಪ್ಸಿಯಲ್ಲಿ ಇದ್ಯಾವುದೂ ಇಲ್ಲ.

ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಬಂತು, ಆಗ ಶುರುವಿನ ಬೆಲೆ 12.74 ಲಕ್ಷ. 1.5 ಲೀಟರ್ ಪೆಟ್ರೋಲ್, 103 ಎಚ್‌ಪಿ. ತೂಕ ಸುಮಾರು 1,200 ಕೆ.ಜಿ. ಅಂದ್ರೆ ಇಷ್ಟೆಲ್ಲ ಸೇರಿಸಿದರೂ ಸುಜುಕಿ ಹಗುರ ಮೈಯನ್ನು ಬಿಟ್ಟಿಲ್ಲ. ನೆಲದಿಂದ ಎತ್ತರ 210 ಮಿ.ಮೀ., ಜಿಪ್ಸಿಯದೂ ಅಷ್ಟೇ. ಫೋರ್ ವೀಲ್ ಹಾಕೋಕೆ ಮಳೆಯಲ್ಲಿ ಕೆಳಗಿಳಿದು ಜಿಪ್ಸಿಯ ಹಾಗೆ ಚಕ್ರದ ಹಬ್ (ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಲಾಕ್) ತಿರುಗಿಸಬೇಕಾಗಿಲ್ಲ, ಒಳಗೆ ಕೂತೇ ಲಿವರ್ ಎಳೆದರೆ ಆಯಿತು. ಒಬ್ಬರೇ ತೋಟ ಸುತ್ತುವಾಗ, ಅದೂ ಆನೆ ಓಡಾಡುವ ಕಡೆ, ಗಾಡಿಯಿಂದ ಇಳಿಯದೇ ಇರುವುದು ಎಷ್ಟು ದೊಡ್ಡ ಅನುಕೂಲ ಅಂತ ನಿಮಗೇ ಗೊತ್ತು.

ಅದರ ಮಾಲೀಕರು ಬರೆದ ಕೊರತೆಗಳನ್ನೂ ಕೇಳಿ. ನಾಲ್ಕೇ ಜನಕ್ಕೆ ಜಾಗ. ಹಿಂದಿನ ಸೀಟು ಎತ್ತಿದ್ದಾಗ ಡಿಕ್ಕಿ 208 ಲೀಟರ್, ಎರಡು ಶಾಲೆ ಬ್ಯಾಗು, ಸಂತೆಯ ಚೀಲ ಇಟ್ಟರೆ ಮುಗಿಯಿತು. ಮೈಸೂರು ರಸ್ತೆಯಲ್ಲಿ ಲಾರಿ ಹಿಂದೆ ಹಾಕುವಾಗ ಎಂಜಿನ್ ಸ್ವಲ್ಪ ಯೋಚನೆ ಮಾಡುತ್ತೆ. ಆಟೊಮ್ಯಾಟಿಕ್‌ನಲ್ಲಿ ನಾಲ್ಕೇ ಗೇರು, ಅದು ಹಳೇ ಕಾಲದ್ದು, ಹಾಗಾಗಿ ನೀವು ಮ್ಯಾನುಯಲ್ ತಗೊಳ್ಳಿ. ಇನ್ನೊಂದು, ಜಿಪ್ಸಿಯ ಅಗಲ 1,540 ಮಿ.ಮೀ., ಜಿಮ್ನಿ 1,645. ಹತ್ತು ಸೆಂ.ಮೀ. ಅಷ್ಟೇ ಅನ್ನಿಸಬಹುದು. ಆದರೆ ಹಳೇ ತೋಟದ ದಾರಿಗಳಲ್ಲಿ ಒಂದು ಕಡೆ ಕಾಫಿ ಗಿಡ, ಇನ್ನೊಂದು ಕಡೆ ಸಿಲ್ವರ್ ಮರ ಇರುತ್ತೆ. ತಗೊಳ್ಳುವ ಮೊದಲು ನಿಮ್ಮ ತೋಟದ ಅತಿ ಕಿರಿದಾದ ತಿರುವನ್ನು ಟೇಪ್ ಹಿಡಿದು ಅಳೆದು ನೋಡಿ.

ನಮ್ಮ ದೇಶದಲ್ಲಿ ಮಾಡಿದ ಈ ಐದು ಬಾಗಿಲಿನ ಗಾಡಿಯೇ ಈಗ ಜಪಾನಿಗೂ ಹೋಗುತ್ತಿದೆ, ಅಲ್ಲಿ ಜಿಮ್ನಿ ನೊಮೇಡ್ ಅಂತ ಹೆಸರು. 2025ರ ಜನವರಿಯಲ್ಲಿ ಬುಕಿಂಗ್ ಶುರುವಾಗಿ ಕೆಲವೇ ದಿನದಲ್ಲಿ ಸುಮಾರು 50,000 ಬುಕಿಂಗ್ ಬಂದು, ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಜಿಮ್ನಿ ಹುಟ್ಟಿದ ಊರಿಗೆ ನಮ್ಮವರು ಜಿಮ್ನಿ ಕಳಿಸುತ್ತಿದ್ದಾರೆ ಅನ್ನುವುದನ್ನು ಓದಿದಾಗ ನನಗೆ ತುಂಬಾ ಹೆಮ್ಮೆ ಆಯಿತು.

ಪ್ರಶ್ನೆ: ಓಮ್ನಿ ಬಗ್ಗೆ ಯಾಕೆ ಬರೆಯಲ್ಲ? ನಮ್ಮ ತರಕಾರಿ ವ್ಯಾಪಾರ ಬೆಳೆದದ್ದೇ ಅದರಿಂದ.
(ವ್ಯಾಪಾರಿ, ಶನಿವಾರಸಂತೆ)

ಉತ್ತರ: ಬರೆಯಬೇಕಿತ್ತು, ತಪ್ಪಾಯಿತು. ಮಾರುತಿ ಮತ್ತು ಸುಜುಕಿ ಒಪ್ಪಂದ ಆದದ್ದು 1982ರ ಅಕ್ಟೋಬರ್‌ನಲ್ಲಿ, ಮಾರುತಿ 800ರ ಮೊದಲ ಕೀಲಿಕೈಯನ್ನು ಇಂದಿರಾ ಗಾಂಧಿಯವರು ಕೊಟ್ಟದ್ದು 1983ರ ಡಿಸೆಂಬರ್ 14ರಂದು. ಮರುವರ್ಷವೇ ಓಮ್ನಿ ಬಂತು, ಆಗ ಅದನ್ನು ಮಾರುತಿ ವ್ಯಾನ್ ಅನ್ನುತ್ತಿದ್ದರು. 800ರದೇ 796 ಸಿಸಿ ಎಂಜಿನ್, ಆದರೆ ಇಲ್ಲಿ ಮುಂದಿನ ಸೀಟಿನ ಅಡಿಯಲ್ಲಿ ಕೂತು ಹಿಂದಿನ ಚಕ್ರಕ್ಕೆ ಶಕ್ತಿ ಕೊಡುತ್ತೆ. ಹಿಂದೆ ಕೋಸು, ಬೀನ್ಸ್ ತುಂಬಿದಷ್ಟೂ ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿ. ಅದಕ್ಕೇ ನಿಮ್ಮ ಓಮ್ನಿ ಲೋಡ್ ಇದ್ದಾಗ ಏರು ಹತ್ತುತ್ತೆ, ಖಾಲಿ ಇದ್ದಾಗ ಕೆಸರಿನಲ್ಲಿ ಚಕ್ರ ಸುತ್ತುತ್ತೆ. 2019ರಲ್ಲಿ ತಯಾರಿಕೆ ನಿಂತಿತು. ಇರುವುದನ್ನು ಜೋಪಾನ ಮಾಡಿ. ಮುಂದೆ ಅಪಘಾತ ತಡೆಯುವ ಜಾಗವೇ ಇಲ್ಲದ ಗಾಡಿ ಅದು, ಘಾಟಿಯಲ್ಲಿ ದಯವಿಟ್ಟು ನಿಧಾನ.

ಪ್ರಶ್ನೆ: ಈಗಿನ ಎಥನಾಲ್ ಪೆಟ್ರೋಲ್ ಹಳೇ ಜಿಪ್ಸಿಗೆ ಹಾಕಬಹುದಾ?
(ಮಡಿಕೇರಿ)

ಉತ್ತರ: ಬಂಕಿನಲ್ಲಿ ಸಿಗುವುದು ಅದೇ, ಹಾಕಲೇಬೇಕು. ಹಳೇ ರಬ್ಬರ್ ಪೈಪುಗಳನ್ನು ಎಥನಾಲ್ ತಿನ್ನುತ್ತೆ, ಅವನ್ನು ಎಥನಾಲ್ ತಡೆಯುವ ಪೈಪಿಗೆ ಬದಲಾಯಿಸಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ನಮ್ಮ ಮಳೆಗಾಲದ ಗಾಳಿಯಲ್ಲಂತೂ ಕೇಳಲೇಬೇಡಿ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ನಿಲ್ಲಿಸಬೇಡಿ.

ಪ್ರಶ್ನೆ: ನನ್ನ ಜಿಪ್ಸಿ ಕಿಂಗ್‌ನಲ್ಲಿ ಫೋರ್ ವೀಲ್ ಲಿವರ್ ಹಾಕಿದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಗೇರ್‌ಬಾಕ್ಸ್ ಇಳಿಸಬೇಕು ಅಂತ ಗ್ಯಾರೇಜಿನವರು ಹೇಳಿದರು. ತುಂಬಾ ಖರ್ಚಾಗುತ್ತಾ?
(ಓದುಗರು, ಸೋಮವಾರಪೇಟೆ)

ಉತ್ತರ: ಗೇರ್‌ಬಾಕ್ಸ್ ಇಳಿಸುವ ಮೊದಲು ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಹಬ್ ನೋಡಿ. ಅದನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಫ್ರೀ ಅಂತಿದ್ದರೆ ಒಳಗೆ ಲಿವರ್ ಎಷ್ಟು ಎಳೆದರೂ ಶಕ್ತಿ ಚಕ್ರಕ್ಕೆ ಬರುವುದಿಲ್ಲ. ಲಾಕ್ ಆಗಿದ್ದೂ ಎಳೆಯದಿದ್ದರೆ ಹಬ್ ಬಿಚ್ಚಿ ಗ್ರೀಸ್ ನೋಡಿಸಿ, ಒಳಗೆ ನೀರು ಹೋಗಿ ಜಾಮ್ ಆಗಿರುತ್ತೆ. ಹೆಚ್ಚಿನ ಸಲ ತೊಂದರೆ ಅಲ್ಲೇ ಮುಗಿಯುತ್ತೆ.

ಒಂದು ಜುಲೈ ರಾತ್ರಿ ನಮ್ಮ ಲೈನ್‌ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಶುರುವಾಯಿತು. ಸುರಿಯುವ ಮಳೆ, ಕರೆಂಟ್ ಇಲ್ಲ, ಆಂಬುಲೆನ್ಸ್ ತೋಟದ ಗೇಟಿನ ತನಕ ಮಾತ್ರ ಬರುತ್ತೆ, ಅಲ್ಲಿಂದ ಒಂದೂವರೆ ಕಿ.ಮೀ. ಕೆಸರು. ಆಕೆಯನ್ನೂ ಅವಳ ಅಮ್ಮನನ್ನೂ ಜಿಪ್ಸಿಯಲ್ಲಿ ಕೂರಿಸಿಕೊಂಡು ಹೊರಟೆ. ಏರಿನ ಮಧ್ಯದಲ್ಲಿ ಚಕ್ರ ಸುತ್ತೋಕೆ ಶುರುವಾಯಿತು. ಲಿವರ್ ಎಳೆದೆ, ಏನೂ ಆಗಲಿಲ್ಲ. ಆಮೇಲೆ ನೆನಪಾಯಿತು, ಹಿಂದಿನ ವಾರ ಪೇಟೆಗೆ ಹೋಗುವಾಗ ಪೆಟ್ರೋಲ್ ಉಳಿಯಲಿ ಅಂತ ಹಬ್ ಫ್ರೀ ಮಾಡಿದ್ದೆ. ಮೊಣಕಾಲುದ್ದ ಕೆಸರಿನಲ್ಲಿ ಕೂತು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಎರಡೂ ಹಬ್ ತಿರುಗಿಸುವಾಗ ಒಳಗಿನಿಂದ ಆಕೆಯ ಕೂಗು ಕೇಳುತ್ತಿತ್ತು. ಲಾಕ್ ಆಯಿತು. ಲೋ ಗೇರಿನಲ್ಲಿ ಗಾಡಿ ಒಂದೇ ಉಸಿರಿಗೆ ಹತ್ತಿತು. ಬೆಳಗಿನ ಜಾವ ಗಂಡು ಮಗು. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ.

ಅಂದಿನಿಂದ ನಾನು ಜೂನ್ ಮೊದಲ ಮಳೆಗೆ ಹಬ್ ಲಾಕ್ ಮಾಡಿದರೆ ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಮುಗಿಯುವ ತನಕ ಬಿಚ್ಚುವುದಿಲ್ಲ. ಲಾಕ್ ಇಟ್ಟುಕೊಂಡು ಟೂ ವೀಲ್‌ನಲ್ಲಿ ಓಡಿಸಿದರೆ ಗಾಡಿಗೆ ಏನೂ ಆಗಲ್ಲ, ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುತ್ತೆ ಅಷ್ಟೇ. ಒಣಗಿದ ಟಾರ್ ರಸ್ತೆಯಲ್ಲಿ ಮಾತ್ರ ಫೋರ್ ವೀಲ್ ಲಿವರ್ ಹಾಕಬೇಡಿ, ಗೇರುಗಳು ಬಿಗಿದುಕೊಂಡು ಹಾಳಾಗುತ್ತವೆ. ಸೋಮವಾರಪೇಟೆಯ ಓದುಗರೇ, ಹಬ್ ನೋಡಿಸಿದ ಮೇಲೆ ಏನಾಯಿತು ಅಂತ ಒಂದು ಸಾಲು ಬರೆಯಿರಿ.